ಸೊಸೆ ಯಾವ ಊರಿಂದ ಬಂದಳು?

ಪ್ರಶ್ನೆ: ನಾವು ಭದ್ರಾವತಿಯವರು. ನನ್ನ ಅಜ್ಜ ತಮಿಳುನಾಡಿನ ಕಡೆಯಿಂದ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಬಂದವರು. ಅಮ್ಮ ಮನೆಯಲ್ಲಿ ತಮಿಳು ಮಾತಾಡುತ್ತಾರೆ, ನನಗೂ ಬರುತ್ತದೆ. ಹೆಂಡತಿ ಶಿಕಾರಿಪುರದ ಕನ್ನಡದವರು. ಮಕ್ಕಳಿಗೆ ತಮಿಳು ಬರುವುದೇ ಇಲ್ಲ. ಆದರೆ ನನ್ನ ಜೊತೆ ಓದಿದ ಮತ್ತೂರಿನ ಗೆಳೆಯನ ಮನೆಯಲ್ಲಿ ನೂರಾರು ವರ್ಷದ ಹಿಂದೆ ತಂದ ಸಂಕೇತಿ ಮಾತು ಇನ್ನೂ ಇದೆ. ಅವರದ್ದು ಉಳಿಯಿತು, ನಮ್ಮದು ಮೂರೇ ತಲೆಮಾರಿಗೆ ಹೋಯಿತು, ಯಾಕೆ? ಒಂದೊಂದು ಭಾಷೆಯವರೂ ಹೀಗೆ ದೇಶದ ತುಂಬ ಚದುರಿದ್ದು ಹೇಗೆ? ಇನ್ನೊಂದು ಮಾತು, ಗಣತಿಯವರು ಬಂದಾಗ ಮಾತೃಭಾಷೆ ಅಂತ ಏನು ಬರೆಸಬೇಕು?

ಉತ್ತರ:

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ‘ಹೆಂಡತಿ ಶಿಕಾರಿಪುರದ ಕನ್ನಡದವರು’ ಅಂತ ಬರೆದಿದ್ದೀರಲ್ವಾ, ಇಡೀ ಕಥೆಯ ಗಂಟು ಆ ಒಂದು ಸಾಲಿನಲ್ಲಿದೆ. ಮೂವತ್ತು ವರ್ಷ ಮಲೆನಾಡಿನ ಊರೂರು ತಿರುಗಿ ಮನೆಮಾತು ಬರೆದುಕೊಂಡವನು ನಾನು. ಜನ ಯಾಕೆ ಊರು ಬಿಟ್ಟು ಬಂದರು ಅನ್ನುವುದಕ್ಕೆ ಕಾರಣ ಹತ್ತಾರು ಸಿಗುತ್ತವೆ. ಬಂದವರ ಮಾತು ಉಳಿಯುತ್ತದೋ ಇಲ್ಲವೋ ಅಂತ ತಿಳಿಯಬೇಕಾದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ಮನೆಗೆ ಸೊಸೆ ಯಾವ ಊರಿಂದ ಬರುತ್ತಾಳೆ?

ನಿಮ್ಮ ಊರನ್ನೇ ತಗೊಳ್ಳಿ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1918ರಲ್ಲಿ, ವಿಶ್ವೇಶ್ವರಯ್ಯನವರ ಕಾಲದ ಯೋಜನೆ. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲಿನ ಕಾಡಿನಿಂದ ಇದ್ದಿಲು. ಅದಿರು ಇತ್ತು, ಕಾಡು ಇತ್ತು, ಹೊಳೆ ಇತ್ತು. ಕುಲುಮೆಯ ಮುಂದೆ ನಿಲ್ಲುವ ಜನ ಇಲ್ಲಿ ಅಷ್ಟು ಇರಲಿಲ್ಲ. ಗದ್ದೆ ತೋಟ ಇದ್ದವರು ಯಾಕೆ ಬರ್ತಾರೆ? ಹಾಗಾಗಿ ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ, ಕೇರಳದಿಂದ ಗಂಡಸರು ಬಂದರು. ಮೊದಲು ಒಬ್ಬ, ಆಮೇಲೆ ಅವನ ತಮ್ಮ, ಆಮೇಲೆ ಅದೇ ಬೀದಿಯ ಇನ್ನೊಬ್ಬ. ಕೆಲಸ ಕಾಯಂ ಆದ ಮೇಲೆ ಊರಿಗೆ ಹೋಗಿ ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಬಂದರು. ಆ ಹೆಂಗಸರು ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ತಮಿಳಿನಲ್ಲೇ ಜೋಗುಳ ಹಾಡಿದರು, ತಮಿಳಿನಲ್ಲೇ ಬೈದರು. ಮೊದಲ ತಲೆಮಾರಿನ ಭಾಷೆ ಗಟ್ಟಿ ನಿಂತದ್ದು ಹಾಗೆ.

ಆಮೇಲೆ ಏನಾಯಿತು ಅನ್ನುವುದನ್ನು ಅಂಥದ್ದೇ ಒಂದು ಮನೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಸಂಜೆ ಆರು ಗಂಟೆ ಇರಬೇಕು. ಅಜ್ಜಿ ಒಳಗಿಂದ ‘ಡ್ಯೂಟಿ ಮುಡಿಂಜಿದಾ?’ ಅಂತ ಕೂಗಿದರು. ಮಗ ಚಪ್ಪಲಿ ಬಿಡುತ್ತಾ ತಮಿಳಿನಲ್ಲೇ ಏನೋ ಹೇಳಿದ, ಅರ್ಧಕ್ಕೆ ಕನ್ನಡಕ್ಕೆ ಹೊರಳಿ ಹೆಂಡತಿಯ ಹತ್ತಿರ ಕಾಫಿ ಕೇಳಿದ. ಎಂಟು ವರ್ಷದ ಹುಡುಗಿ ಹೋಮ್‌ವರ್ಕ್ ಬರೆಯುತ್ತಾ ಕೂತಿದ್ದಳು. ಅಜ್ಜಿ ಅವಳಿಗೆ ತಮಿಳಿನಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥ ಆಗುತ್ತಿತ್ತು, ಉತ್ತರ ಮಾತ್ರ ಪ್ರತಿ ಸಲ ಕನ್ನಡದಲ್ಲಿ: ‘ಆಯ್ತು ಪಾಟಿ’, ‘ಇನ್ನೂ ಇಲ್ಲ ಪಾಟಿ’. ಅಜ್ಜಿಯನ್ನು ಕರೆಯುವ ಆ ‘ಪಾಟಿ’, ಊಟಕ್ಕೆ ಕೂತಾಗ ಬರುವ ‘ಕೊಳಂಬು’, ಇಂಥ ನಾಲ್ಕಾರು ಪದ ಕೊನೆಯವರೆಗೂ ಉಳಿಯುತ್ತವೆ. ನೆಂಟರನ್ನು ಕರೆಯುವ ಪದ, ಅಡುಗೆಯ ಪದ, ದೇವರ ಮುಂದಿನ ಪದ. ನಾನು ನೋಡಿದ ಹೆಚ್ಚುಕಮ್ಮಿ ಎಲ್ಲ ಮನೆಯಲ್ಲೂ ಭಾಷೆ ಇದೇ ಕ್ರಮದಲ್ಲಿ ಹೋಗುತ್ತದೆ. ಮೊದಲು ವಾಕ್ಯ ಹೋಗುತ್ತದೆ, ಕಟ್ಟಕಡೆಗೆ ಅಜ್ಜಿಯ ಹೆಸರು.

ಇದಕ್ಕೆ ಶಾಲೆ ಒಂದು ಕಾರಣ, ಬೀದಿಯ ಆಟ ಇನ್ನೊಂದು. ಕಾರ್ಖಾನೆಯಲ್ಲಿ ನಾಲ್ಕು ಭಾಷೆಯವರು ಒಟ್ಟಿಗೆ ದುಡಿಯುವಾಗ ಎಲ್ಲರಿಗೂ ಬರುವ ಮಾತು ಕನ್ನಡವೇ ಆಗಿತ್ತು, ಅದೂ ಕಾರಣ. ಆದರೂ ಸೊಸೆ ಸೇಲಂ, ಧರ್ಮಪುರಿ ಕಡೆಯಿಂದ ಬರುತ್ತಿರುವಷ್ಟು ಕಾಲ ಪ್ರತಿ ಇಪ್ಪತ್ತೈದು ವರ್ಷಕ್ಕೊಮ್ಮೆ ಮನೆಗೆ ಹೊಸ ತಮಿಳು ಬರುತ್ತಿತ್ತು. ಅದು ನಿಂತ ತಲೆಮಾರಿನಲ್ಲಿ ಭಾಷೆಯೂ ನಿಂತಿತು. ಇದರಲ್ಲಿ ಯಾರ ತಪ್ಪೂ ಇಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ. ಇಬ್ಬರು ಇಷ್ಟಪಟ್ಟು ಕಟ್ಟಿಕೊಂಡ ಮನೆಗೆ ಅದರದ್ದೇ ಒಂದು ಮಾತು ಇರುತ್ತದೆ.

ಈಗ ನಿಮ್ಮ ಗೆಳೆಯನ ಮತ್ತೂರಿಗೆ ಬರೋಣ. ಶಿವಮೊಗ್ಗದಿಂದ ಕೂಗಳತೆ ದೂರ, ತುಂಗೆಯ ಈ ದಡದಲ್ಲಿ ಮತ್ತೂರು, ಆ ದಡದಲ್ಲಿ ಹೊಸಹಳ್ಳಿ. ಹೊರಗಿನವರಿಗೆಲ್ಲ ಅದು ಸಂಸ್ಕೃತದ ಊರು. ಕ್ಯಾಮೆರಾ ಹಿಡಿದುಕೊಂಡು ಬರುವವರು ಬೀದಿಯಲ್ಲಿ ಸಂಸ್ಕೃತ ಕೇಳಿಸಿಕೊಂಡು ಹೋಗುತ್ತಾರೆ. ಅದು ನಿಜವೇ, 1980ರ ದಶಕದಿಂದ ಊರವರು ಕಷ್ಟಪಟ್ಟು ಕಲಿತು ಬೆಳೆಸಿದ್ದು, ಅದಕ್ಕೆ ನನಗೆ ಗೌರವ ಇದೆ. ಆದರೆ ಅದೇ ಮನೆಗಳ ಹಿತ್ತಲ ಕಡೆ ಹೋಗಿ ನಿಂತರೆ ಕೇಳಿಸುವುದು ಸಂಕೇತಿ. ಅದು ತಮಿಳಿಗೆ ಹತ್ತಿರ, ಮಲಯಾಳದ ಗಾಳಿ ಇದೆ, ಕನ್ನಡದ ಪದ ಧಾರಾಳವಾಗಿ ಸೇರಿದೆ. ಚೆನ್ನಾಗಿ ತಮಿಳು ಬರುವ ನಾನೇ ಮೊದಲ ದಿನ ಅರ್ಧ ಬಿಟ್ಟುಕೊಂಡೆ. ಇವರ ಹಿರಿಯರು ಇವತ್ತಿನ ತಮಿಳುನಾಡಿನ ತೆಂಕಣ ತುದಿಯ ಶೆಂಗೋಟ್ಟೆ ಕಡೆಯಿಂದ, ನಾಚಾರಮ್ಮ ಅನ್ನುವ ಹೆಣ್ಣುಮಗಳ ಹಿಂದೆ ಹೊರಟು ಬಂದರು ಅಂತ ಅವರಲ್ಲೇ ಕಥೆ ಇದೆ. ಆ ಭಾಷೆಗೆ ಶಾಲೆ ಇಲ್ಲ, ಪೇಪರ್ ಇಲ್ಲ, ತನ್ನದೇ ಲಿಪಿ ಇಲ್ಲ. ಆದರೂ ಉಳಿಯಿತು.

ಯಾಕೆ? ಬಂದದ್ದು ಒಬ್ಬೊಬ್ಬ ಗಂಡಸಲ್ಲ, ಮನೆಮಂದಿಯೆಲ್ಲ. ಚದುರಲಿಲ್ಲ, ಒಂದೇ ಕಡೆ ಕೂತರು. ಸೊಸೆ ಮತ್ತೂರಿಗೆ ಬಂದರೆ ಹೊಸಹಳ್ಳಿಯಿಂದ, ಇಲ್ಲವೇ ಮೈಸೂರು, ಹಾಸನ ಕಡೆಯ ಸಂಕೇತಿ ಊರುಗಳಿಂದ. ಅಂದರೆ ಮನೆಗೆ ಬರುವ ಪ್ರತಿ ಹೆಣ್ಣಿನ ಬಾಯಲ್ಲೂ ಅದೇ ಮಾತು. ಒಂದು ವೇಳೆ ಭದ್ರಾವತಿಯ ಕ್ವಾರ್ಟರ್ಸಿನ ನಿಮ್ಮ ಬೀದಿಯೂ ಹಾಗೇ ಇದ್ದಿದ್ದರೆ ನಿಮ್ಮ ಮಕ್ಕಳು ಇವತ್ತು ತಮಿಳು ಮಾತಾಡುತ್ತಿದ್ದರು. ಈಗ ಸಂಕೇತಿಯವರಲ್ಲೂ ಮಕ್ಕಳು ಬೆಂಗಳೂರು, ಅಮೆರಿಕ ಸೇರಿ ಹೊರಗೆ ಮದುವೆಯಾಗುತ್ತಿದ್ದಾರೆ. ಆ ಮನೆಗಳಲ್ಲಿ ನಿಮ್ಮ ಮನೆಯದ್ದೇ ಕಥೆ ನಡೆಯುತ್ತಿದೆ.

ಇದನ್ನು ಇಟ್ಟುಕೊಂಡು ದೇಶದ ನಕ್ಷೆ ನೋಡಿದರೆ ಬಹಳಷ್ಟು ಬಿಡಿಸಿಕೊಳ್ಳುತ್ತದೆ.

ನಮ್ಮವರ ಕಥೆಯನ್ನೇ ನೋಡಿ. ಹನ್ನೊಂದು, ಹನ್ನೆರಡನೇ ಶತಮಾನದಲ್ಲಿ ಬಂಗಾಳ ಆಳಿದ ಸೇನರು ತಮ್ಮ ಶಾಸನದಲ್ಲಿ ತಾವು ಕರ್ಣಾಟ ಮೂಲದವರು ಅಂತ ಹೇಳಿಕೊಂಡರು. ಈಗಿನ ಬಿಹಾರದ ಕಡೆಯ ಮಿಥಿಲೆಯಲ್ಲಿ 1097ರಲ್ಲಿ ನಾನ್ಯದೇವ ಕಟ್ಟಿದ ಮನೆತನಕ್ಕೆ ಕರ್ಣಾಟ ವಂಶ ಅಂತಲೇ ಹೆಸರು. ಅಷ್ಟು ದೂರ ಹೋಗಿ ರಾಜ್ಯ ಕಟ್ಟಿದರೂ ಅಲ್ಲಿ ಇವತ್ತು ಕನ್ನಡದ ಹಳ್ಳಿ ಒಂದೂ ಇಲ್ಲ. ಸಿಂಹಾಸನ ಏರಿದವರು ಅಲ್ಲಿಯವರೇ ಆಗಿಹೋದರು. ಅದೇ ಕನ್ನಡದ ದೇವಾಂಗ ನೇಕಾರರು ಮಗ್ಗ ಹೊತ್ತುಕೊಂಡು, ಹೆಂಡತಿ ಮಕ್ಕಳ ಜೊತೆ, ಚೌಡೇಶ್ವರಿಯನ್ನೂ ಕರೆದುಕೊಂಡು ಸೇಲಂ, ಕೊಯಮತ್ತೂರು ಕಡೆ ಹೋದರಲ್ಲ, ಅವರ ಎಷ್ಟೋ ಮನೆಗಳಲ್ಲಿ ಇನ್ನೂ ಕನ್ನಡ ಇದೆ. ಓದುವುದು ಬರೆಯುವುದು ತಮಿಳು. ನಮ್ಮ ಅಕ್ಷರ ತೋರಿಸಿದರೆ ಗುರುತು ಸಿಗುವುದಿಲ್ಲ. ಕೊಯಮತ್ತೂರಿನ ಒಂದು ಮಗ್ಗದ ಮನೆಯಲ್ಲಿ ನಾನು ಮಾತಾಡಿದ್ದನ್ನು ಕೇಳಿ ಒಬ್ಬ ಅಜ್ಜಿ, ‘ನಿಂದು ಬೇರೆ ಕನ್ನಡ, ನಮ್ಮದು ಮನೆ ಕನ್ನಡ’ ಅಂದರು. ಆ ‘ಮನೆ’ ಅನ್ನುವ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ನೇಕಾರರದ್ದು ಎಲ್ಲ ಕಡೆ ಇದೇ. ಮಧುರೆಯ ರೇಷ್ಮೆ ನೇಕಾರರು ಗುಜರಾತಿನ ಕಡೆಯಿಂದ ನೂರಾರು ವರ್ಷ ಊರೂರು ದಾಟಿ ಅಲ್ಲಿ ಸೇರಿದವರು. ತಮಿಳಿನ ಆ ದೊಡ್ಡ ಊರಿನ ನಡುವೆ ಕೂತು ಸೌರಾಷ್ಟ್ರ ಭಾಷೆ ಮಾತಾಡುತ್ತಾರೆ. 2011ರ ಗಣತಿಯಲ್ಲಿ ಸುಮಾರು 2.47 ಲಕ್ಷ ಜನ ಆ ಭಾಷೆಯ ಹೆಸರು ಹೇಳಿದ್ದಾರೆ. ಮಗ್ಗದ ಕೆಲಸಕ್ಕೆ ನೂಲು ಸುತ್ತುವುದರಿಂದ ಹಿಡಿದು ಮನೆಮಂದಿಯೆಲ್ಲ ಬೇಕು. ಹಾಗಾಗಿ ನೇಕಾರ ಹೋದರೆ ಮನೆಯೇ ಹೋಗುತ್ತದೆ.

ಎತ್ತಿನ ಬೆನ್ನ ಮೇಲೆ ದವಸ, ಉಪ್ಪು ಹೇರಿಕೊಂಡು ದಂಡಿನ ಹಿಂದೆ ದೇಶ ಸುತ್ತಿದ ಲಂಬಾಣಿಗಳೂ ಮನೆಮಂದಿಯ ಜೊತೆಗೇ ನಡೆದವರು. ರೈಲು ಬಂದ ಮೇಲೆ ಆ ವ್ಯಾಪಾರ ನಿಂತಿತು, ಎತ್ತುಗಳು ಎಲ್ಲಿ ನಿಂತವೋ ಅಲ್ಲೇ ತಾಂಡಾ ಆಯಿತು. ನಿಮ್ಮ ಹೆಂಡತಿಯವರ ಶಿಕಾರಿಪುರದ ಸುತ್ತ ತಾಂಡಾಗಳು ಬೇಕಾದಷ್ಟಿವೆ. ಲಂಬಾಣಿಗಳ ಗುರು ಸೇವಾಲಾಲರು ಹುಟ್ಟಿದ ಊರು ಅನ್ನುವ ಸೂರಗೊಂಡನಕೊಪ್ಪ ಅಲ್ಲಿಂದ ದೂರವೇನಿಲ್ಲ, ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ. ಅಲ್ಲಿ ಅಮ್ಮನಿಗೆ ‘ಯಾಡಿ’, ರೊಟ್ಟಿಗೆ ‘ಬಾಟಿ’. ಮೂಲ ರಾಜಸ್ಥಾನದ ಕಡೆಯದು. ತಾಂಡಾ ಊರಿಂದ ಒಂದಿಷ್ಟು ದೂರ ಇರುತ್ತದೆ, ಹೆಣ್ಣು ಇನ್ನೊಂದು ತಾಂಡಾದಿಂದ ಬರುತ್ತದೆ. ಲಿಪಿ ಇಲ್ಲದ ಭಾಷೆ ಗಟ್ಟಿಯಾಗಿ ನಿಂತಿರುವುದು ಆ ದೂರದಿಂದ. ಚನ್ನಗಿರಿ ಕಡೆಯ ಹಕ್ಕಿಪಿಕ್ಕಿಗಳು ಮನೆಯಲ್ಲಿ ಆಡುವ ವಾಗ್ರಿ ಮಾತು ಗುಜರಾತಿಗೆ ಹತ್ತಿರ. ಅವರು ಎಣ್ಣೆ, ಬೇರು ನಾರು ಮಾರಿಕೊಂಡು ಆಫ್ರಿಕಾದವರೆಗೂ ಹೋಗುತ್ತಾರೆ. 2023ರಲ್ಲಿ ಸೂಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ನಮ್ಮವರಲ್ಲಿ ಅವರೂ ಇದ್ದರು. ಚನ್ನಗಿರಿ ಸಂತೆಯಲ್ಲಿ ಕನ್ನಡ, ಮನೆಯಲ್ಲಿ ವಾಗ್ರಿ, ಸೂಡಾನಿನಲ್ಲಿ ಅರಬ್ಬಿಯ ನಾಲ್ಕು ಮಾತು!

ಕೊಂಕಣಿಯದ್ದು ಬೇರೆ ದಾರಿ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು, 1560ರಲ್ಲಿ ಅಲ್ಲಿ ಧರ್ಮದ ವಿಚಾರಣೆಯ ಕಾಟ ಶುರುವಾಯಿತು, ಜನ ಹೊಳೆ ದಾಟಿ ಕರಾವಳಿ ಹಿಡಿದು ತೆಂಕಣಕ್ಕೆ ಇಳಿದರು, ಕೆಲವರು ಘಟ್ಟ ಹತ್ತಿ ಸಾಗರ, ತೀರ್ಥಹಳ್ಳಿ ಪೇಟೆಯಲ್ಲಿ ಅಂಗಡಿ ಇಟ್ಟರು. ಅದೇ ಕೊಂಕಣಿಯನ್ನು ಯಲ್ಲಾಪುರದ ಕಾಡಿನ ಸಿದ್ದಿಗಳೂ ಮಾತಾಡುತ್ತಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಹಾಗಾಗಿ ಯಾರಾದರೂ ಭಾಷೆಯಿಂದ ರಕ್ತ ಹೇಳುತ್ತೇನೆ ಅಂದರೆ ನಂಬಬೇಡಿ.

ಇನ್ನು ಕೆಲವರು ಎಲ್ಲಿಗೂ ಹೋಗಲಿಲ್ಲ, ಗಡಿಯೇ ಅವರನ್ನು ದಾಟಿ ಹೋಯಿತು. 1956ರ ನವೆಂಬರ್ 1ರಂದು ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಗೆರೆಯನ್ನು ಎಲ್ಲಾದರೂ ಒಂದು ಕಡೆ ಎಳೆಯಲೇಬೇಕಿತ್ತು. ಗೆರೆಯ ಮೇಲೆ ಇದ್ದ ಊರುಗಳಲ್ಲಿ ಎರಡು, ಮೂರು ಭಾಷೆ ಹೆಣೆದುಕೊಂಡಿದ್ದವು. ಕಾಸರಗೋಡು ಕೇರಳಕ್ಕೆ ಹೋಯಿತು, ಸೊಲ್ಲಾಪುರ, ಅಕ್ಕಲಕೋಟೆ ಈಗಿನ ಮಹಾರಾಷ್ಟ್ರದಲ್ಲಿ ಉಳಿದವು, ತಾಳವಾಡಿ, ಹೊಸೂರು ಈಗಿನ ತಮಿಳುನಾಡಿನಲ್ಲಿ. ಕಾಸರಗೋಡಿನ ಹವ್ಯಕರ ಮನೆಗೂ ನಮ್ಮ ಸಾಗರದ ಹವ್ಯಕರ ಮನೆಗೂ ಈಗಲೂ ನೆಂಟಸ್ತಿಕೆ ನಡೆಯುತ್ತದೆ. ಮದುವೆಮನೆಯಲ್ಲಿ ಆ ಕಡೆಯವರ ರಾಗಕ್ಕೂ ಈ ಕಡೆಯವರ ರಾಗಕ್ಕೂ ಇರುವ ವ್ಯತ್ಯಾಸ ಕೇಳಲಿಕ್ಕೇ ಚೆಂದ.

2011ರ ಲೆಕ್ಕದಲ್ಲಿ ಕನ್ನಡದ ಕೆಳಗೆ ಎಣಿಕೆಯಾದವರು ಸುಮಾರು 4.37 ಕೋಟಿ, ಅದರಲ್ಲಿ ಕರ್ನಾಟಕದ ಹೊರಗೆ ಇದ್ದವರು ಸುಮಾರು 30 ಲಕ್ಷ. ತಮಿಳುನಾಡಿನಲ್ಲಿ 12 ಲಕ್ಷಕ್ಕೂ ಜಾಸ್ತಿ, ಮಹಾರಾಷ್ಟ್ರದಲ್ಲಿ 10 ಲಕ್ಷ. ಜನ ‘ನಮ್ಮವರು ಎಲ್ಲ ಮುಂಬೈಗೆ ಹೋಗಿ ಹೋಟೆಲ್ ಇಟ್ಟರು’ ಅನ್ನುತ್ತಾರೆ. ಹೋದದ್ದು ಹೌದು. ಆದರೆ ಈ ಸಂಖ್ಯೆಯಲ್ಲಿ ದೊಡ್ಡ ಪಾಲು ಗಡಿಯ ಆಚೆ ತಲೆತಲಾಂತರದಿಂದ ಉಳುತ್ತಾ ನೇಯುತ್ತಾ ಇರುವ ಹಳ್ಳಿಗರದ್ದು ಅನ್ನುವುದು ನನ್ನ ಅಭಿಪ್ರಾಯ. ಅದೇ ಗಣತಿಯಲ್ಲಿ ಕರ್ನಾಟಕದ ಒಳಗೆ ಕನ್ನಡ ಮನೆಮಾತಿನವರು ನೂರಕ್ಕೆ ಅರವತ್ತಾರು ಚಿಲ್ಲರೆ. ಉಳಿದವರು ಉರ್ದು, ತೆಲುಗು, ತಮಿಳು, ಮರಾಠಿ, ತುಳು ಹೀಗೆ. ತಮಿಳಿನವರೇ 21 ಲಕ್ಷ ಇದ್ದರು, ನಿಮ್ಮ ತಾಯಿಯವರೂ ಅದರಲ್ಲಿ ಒಬ್ಬರು.

ಈ ಸಂಖ್ಯೆಗಳನ್ನು ಹೇಗೆ ಕಟ್ಟುತ್ತಾರೆ ಅನ್ನುವುದನ್ನು ತಿಳಿದುಕೊಳ್ಳಿ, ನಿಮ್ಮ ಕೊನೆಯ ಪ್ರಶ್ನೆಗೆ ಅದು ಬೇಕು. 2011ರಲ್ಲಿ ದೇಶದ ಜನ ತಮ್ಮ ಭಾಷೆ ಅಂತ ಬರೆಸಿದ ಹೆಸರುಗಳು 19,569. ಇದರಲ್ಲಿ ಊರಿನ ಹೆಸರು, ಜಾತಿಯ ಹೆಸರು, ಒಂದೇ ಹೆಸರಿನ ಹತ್ತು ರೂಪ ಎಲ್ಲ ಇತ್ತು. ಅದನ್ನು ಸೋಸಿ 1,369 ಮಾತೃಭಾಷೆ ಮಾಡಿದರು. ಹತ್ತು ಸಾವಿರಕ್ಕಿಂತ ಕಡಿಮೆ ಜನ ಇದ್ದದ್ದನ್ನು ಪಕ್ಕಕ್ಕಿಟ್ಟು, ಹತ್ತಿರದ್ದನ್ನೆಲ್ಲ ಒಂದರ ಕೆಳಗೆ ಒಂದು ಗುಂಪು ಮಾಡಿ ಕೊನೆಗೆ 121 ಭಾಷೆ ಅಂತ ಪ್ರಕಟ ಮಾಡಿದರು. ಆ ಗುಂಪು ಮಾಡುವಲ್ಲಿ ನನ್ನ ತಕರಾರು ಇದೆ. ಸೂರಗೊಂಡನಕೊಪ್ಪದ ಅಜ್ಜಿ ‘ಲಂಬಾಣಿ’ ಅಂತ ಬರೆಸಿದರೆ ಅದು ಹಿಂದಿಯ ಲೆಕ್ಕಕ್ಕೆ ಸೇರುತ್ತದೆ. ಹೀಗೆ ಸೇರಿದ ಲಂಬಾಣಿಗಳು 32 ಲಕ್ಷಕ್ಕೂ ಜಾಸ್ತಿ. ಒಟ್ಟು ಹಿಂದಿಯವರು 52 ಕೋಟಿ ಚಿಲ್ಲರೆ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಅದರಲ್ಲಿ ‘ಹಿಂದಿ’ ಅಂತಲೇ ಬರೆಸಿದವರು ಸುಮಾರು 32 ಕೋಟಿ. ಉಳಿದವರು ಭೋಜಪುರಿ, ರಾಜಸ್ಥಾನಿ, ಛತ್ತೀಸಗಢಿ, ಲಂಬಾಣಿ ಹೀಗೆ ಐವತ್ತಕ್ಕೂ ಹೆಚ್ಚು ಹೆಸರು. ಹಿಂದಿಗೆ ಮಾತ್ರ ಹೀಗೆ ಮಾಡಿದ್ದಲ್ಲ, ನೀಲಗಿರಿಯ ಬಡಗರನ್ನು ಕನ್ನಡದ ಕೆಳಗೆ ಹಾಕಿದ್ದಾರೆ, ಸುಮಾರು 1.33 ಲಕ್ಷ ಜನ. ಬಡಗ ಸ್ವತಂತ್ರ ಭಾಷೆ ಅಂತ ವಾದಿಸುವವರ ಮಾತನ್ನು ನಾನು ಒಪ್ಪುತ್ತೇನೆ, ನಮ್ಮ ಸಂಖ್ಯೆ ಕಡಿಮೆಯಾದರೂ ಸರಿ.

ಈಗ ಬರುತ್ತಿರುವವರ ಬಗ್ಗೆ ಒಂದು ವಿಷಯ ಹೇಳಬೇಕು. ಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ಹೋದ ವರ್ಷ ಒಬ್ಬ ಹುಡುಗ ಸಿಕ್ಕಿದ. ತೋಟದವರು ‘ಇವರೆಲ್ಲ ಅಸ್ಸಾಮಿನವರು ಸಾರ್’ ಅಂದರು. ಅಸ್ಸಾಮಿಯಾ ಮಾತಾಡ್ತೀಯಾ ಅಂತ ಕೇಳಿದೆ. ಬರುತ್ತದೆ, ಆದರೆ ಮನೆಯಲ್ಲಿ ಸಾದ್ರಿ ಅಂದ. ಬ್ರಿಟಿಷರ ಕಾಲದಲ್ಲಿ ಈಗಿನ ಜಾರ್ಖಂಡ್ ಕಡೆಯ ಛೋಟಾನಾಗಪುರದಿಂದ ಚಹಾ ತೋಟಕ್ಕೆ ಸಾಗಿಸಿದ ಕುಟುಂಬಗಳ ಕುಡಿ ಅವನು. ಅಲ್ಲಿ ಬೇರೆ ಬೇರೆ ಬುಡಕಟ್ಟಿನವರು ಒಂದೇ ಲೈನ್ ಮನೆಗಳಲ್ಲಿ ಸೇರಿದಾಗ ಎಲ್ಲರಿಗೂ ಸಾದ್ರಿ ಸಾಮಾನ್ಯ ಮಾತಾಯಿತು. ನಿಮ್ಮ ಅಜ್ಜಿ ಏನು ಮಾತಾಡುತ್ತಿದ್ದರು ಅಂದೆ. ‘ಕುಡುಖ್’ ಅಂದ. ನನಗೆ ಮೈ ಜುಮ್ ಅಂದಿತು. ಯಾಕೆಂದರೆ ಕುಡುಖ್ ಕನ್ನಡದ ದೂರದ ಅಕ್ಕ ತಂಗಿ, ಬಡಗಣದ ದ್ರಾವಿಡ ಭಾಷೆ. ಅದರಲ್ಲಿ ಕಣ್ಣಿಗೆ ‘ಖನ್’, ಹಲ್ಲಿಗೆ ‘ಪಲ್ಲ್’, ನೀನು ಅನ್ನುವುದಕ್ಕೆ ‘ನೀನ್’. ಹಳಗನ್ನಡದಲ್ಲಿ ನಮ್ಮ ಹಲ್ಲೂ ‘ಪಲ್’ ಆಗಿತ್ತು. ಈ ಮೂರು ಪದ ಹೇಳಿದೆ. ಅವನಿಗೆ ಕುಡುಖ್ ಬರುವುದಿಲ್ಲ, ‘ಪಲ್ಲ್’ ಮಾತ್ರ ಗುರುತು ಸಿಕ್ಕಿತು, ಅಜ್ಜಿ ಹಲ್ಲು ತೋರಿಸಿ ಹೇಳುತ್ತಿದ್ದರಂತೆ. ಅಲ್ಲೇ ನಿಂತಿದ್ದ ತೋಟದ ಮೇಸ್ತ್ರಿ ತನ್ನ ಹಲ್ಲು ಮುಟ್ಟಿಕೊಂಡು ‘ನಮ್ದೂ ಹಲ್ಲೇ ಅಲ್ವಾ’ ಅಂದ.

ಈ ಹುಡುಗರ ಸಾದ್ರಿ ಕೊಪ್ಪದಲ್ಲಿ ಬೇರೂರುತ್ತದೆಯೇ? ಒಬ್ಬೊಬ್ಬರೇ ಬಂದು ಎಂಟು ತಿಂಗಳು ದುಡಿದು ಊರಿಗೆ ಹೋಗುವವರೆಗೆ ಇಲ್ಲ. ದಿನಾ ರಾತ್ರಿ ಫೋನಿನಲ್ಲಿ ಮನೆಯವರ ಜೊತೆ ಮಾತಾಡುವುದರಿಂದ ಅವರಿಗೆ ಭಾಷೆ ಮರೆಯುವುದಿಲ್ಲ, ಅದು ನಿಮ್ಮ ಅಜ್ಜನಿಗೆ ಇರಲಿಲ್ಲ. ಆದರೆ ಕೆಲವು ತೋಟಗಳಲ್ಲಿ ಹೆಂಡತಿ ಮಕ್ಕಳೂ ಬರಲು ಶುರುವಾಗಿದೆ, ಮಕ್ಕಳು ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿ ಕನ್ನಡ ಕಲಿಯುತ್ತಿದ್ದಾರೆ. ಭದ್ರಾವತಿಯ ಆ ಹಳೇ ಕ್ವಾರ್ಟರ್ಸಿನಲ್ಲಿ ನಡೆದದ್ದು ಇಲ್ಲಿ ಈಗ ಮೊದಲ ಹೆಜ್ಜೆಯಲ್ಲಿದೆ. ಆ ಶಾಲೆಯ ಮೇಷ್ಟ್ರಿಗೆ ಯಾರಾದರೂ ಸಾದ್ರಿಯ ಇಪ್ಪತ್ತು ಪದ ಬರೆದುಕೊಟ್ಟರೆ ಆ ಮಕ್ಕಳಿಗೆ ಎಷ್ಟು ಉಪಕಾರ! ನಾನು ಒಂದು ಪಟ್ಟಿ ಮಾಡಿ ಕೊಟ್ಟಿದ್ದೇನೆ.

ಗಣತಿಯ ಪ್ರಶ್ನೆ. ಮಾತೃಭಾಷೆ ಅಂದರೆ ಚಿಕ್ಕಂದಿನಲ್ಲಿ ನಿಮ್ಮ ತಾಯಿ ನಿಮ್ಮ ಜೊತೆ ಆಡಿದ ಮಾತು, ಗಣತಿಯ ನಿಯಮವೇ ಹಾಗೆ ಹೇಳುತ್ತದೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ, ಆ ಕಾಲಕ್ಕೆ ಮನೆಯಲ್ಲಿ ಮುಖ್ಯವಾಗಿ ನಡೆಯುತ್ತಿದ್ದ ಮಾತು. ಒಂದು ಮನೆಗೆ ಒಂದೇ ಭಾಷೆ ಅಂತ ಇಲ್ಲ, ಒಬ್ಬೊಬ್ಬರಿಗೂ ಬೇರೆ ಬರೆಯಬೇಕು. ಹಾಗಾಗಿ ನಿಮ್ಮ ತಾಯಿಗೆ ತಮಿಳು, ನಿಮಗೂ ತಮಿಳು, ಹೆಂಡತಿಗೆ ಕನ್ನಡ, ಮಕ್ಕಳಿಗೆ ಕನ್ನಡ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ತಮಿಳು ಅಂತ ಬರೆಸಿದ ಮಾತ್ರಕ್ಕೆ ನೀವು ಭದ್ರಾವತಿಯವರಲ್ಲ ಅಂತ ಯಾರೂ ಅನ್ನಲಾರರು. ಮಾತೃಭಾಷೆ ಬಿಟ್ಟು ಬರುವ ಇನ್ನೂ ಎರಡು ಭಾಷೆ ಬರೆಸಲು ಜಾಗ ಇರುತ್ತದೆ. ನಿಮ್ಮ ತಾಯಿಗೂ ನಿಮಗೂ ಅಲ್ಲಿ ಕನ್ನಡ ಬರೆಸಿ. ಮಕ್ಕಳಿಗೆ ಅಜ್ಜಿಯ ತಮಿಳು ಅರ್ಥವಾಗಿ, ಅದರಲ್ಲಿ ಮಾತುಕತೆ ನಡೆಸುವಷ್ಟು ಬಂದರೆ ಅವರ ಸಾಲಿನಲ್ಲೂ ಬರೆಸಬಹುದು. ಬರೆದುಕೊಳ್ಳುವವರು ಅವಸರದಲ್ಲಿ ಮನೆಗೆಲ್ಲ ಸೇರಿ ಒಂದೇ ಹೆಸರು ಹಾಕಿದರೆ ಬೇಸರ ಮಾಡಿಕೊಳ್ಳದೆ ತಿದ್ದಿಸಿ. ಗೆಳೆಯನಿಗೂ ಹೇಳಿ: ಸಂಸ್ಕೃತ ಅಲ್ಲ, ತಮಿಳೂ ಅಲ್ಲ, ಸಂಕೇತಿ ಅಂತಲೇ ಬರೆಸಲಿ.

ಒಂದು ವಿಷಯ ನೀವು ಬರೆದಿಲ್ಲ, ನಿಮ್ಮ ತಾಯಿ ಸೊಸೆಯಾಗಿ ಬಂದದ್ದು ಯಾವ ಊರಿಂದ? ಅವರನ್ನೇ ಕೇಳಿ, ಫೋನಿನಲ್ಲಿ ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಕೃಷ್ಣಗಿರಿ, ಧರ್ಮಪುರಿ ಕಡೆ ಆಗಿದ್ದರೆ ಅವರ ತಾಯಿಯ ಮನೆಯಲ್ಲಿ ಏನು ಮಾತಾಡುತ್ತಿದ್ದರು ಅಂತಲೂ ಕೇಳಿ. ಆ ಕಡೆ ಹೊರಗೆ ತಮಿಳು, ಒಳಗೆ ಕನ್ನಡ ಇರುವ ಮನೆಗಳು ಬಹಳ ಇವೆ. ಉತ್ತರ ಬಂದ ಮೇಲೆ ನನಗೂ ತಿಳಿಸಿ, ಕಾಯುತ್ತಿರುತ್ತೇನೆ.